ವಿಲನ್‌ಗಳ ತಂಡ ಒಳ್ಳೆಯ ದಾರಿ ಹಿಡಿದರೆ: ನಾಲ್ಕು ಕಾಮಿಕ್ಸ್ ಸರಣಿ, ಯಾವುದು ಯಾರಿಗೆ?

2025ರ ಮೇ ತಿಂಗಳಲ್ಲಿ ‘ಥಂಡರ್‌ಬೋಲ್ಟ್ಸ್’ ಸಿನಿಮಾ ಬಂದ ಮೇಲೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಇದರ ಮೂಲ ಕಾಮಿಕ್ಸ್ ಯಾವುದು, ಎಲ್ಲಿಂದ ಶುರು ಮಾಡಬೇಕು? ಸಿನಿಮಾ ನೋಡಿ ನೇರವಾಗಿ ಹಳೆಯ ಪುಸ್ತಕಕ್ಕೆ ಕೈ ಹಾಕಿದರೆ ತಬ್ಬಿಬ್ಬಾಗುತ್ತೀರಿ. ಸಿನಿಮಾದಲ್ಲಿ ಕಂಡ ಯೆಲೆನಾ, ಬಕಿ, ರೆಡ್ ಗಾರ್ಡಿಯನ್ ಇವರ್ಯಾರೂ ಮೊದಲ ತಂಡದಲ್ಲಿ ಇರಲೇ ಇಲ್ಲ. ಹೆಸರು ಮಾತ್ರ ಅದೇ. ‘ಸೂಸೈಡ್ ಸ್ಕ್ವಾಡ್’ ಸಿನಿಮಾದ ಹಾರ್ಲಿ ಕ್ವಿನ್‌ಳನ್ನು ಹುಡುಕಿಕೊಂಡು ಹಳೆಯ ‘ಸೂಸೈಡ್ ಸ್ಕ್ವಾಡ್’ ತೆರೆದವರದ್ದೂ ಇದೇ ಪಾಡು. ಆ ಸರಣಿ ನಿಂತದ್ದು 1992ರಲ್ಲಿ. ಹಾರ್ಲಿ ಬ್ಯಾಟ್‌ಮ್ಯಾನ್ ಟಿವಿ ಕಾರ್ಟೂನ್‌ನಲ್ಲಿ ಮೊದಲು ಕಾಣಿಸಿಕೊಂಡದ್ದೂ ಅದೇ ವರ್ಷ.

ಹಾಗಾಗಿ ಸಿನಿಮಾ ಪಕ್ಕಕ್ಕಿಡೋಣ. ಈ ಬಗೆಯ ಕಥೆ ಓದಬೇಕು ಅನ್ನುವವರ ಮುಂದೆ ಮುಖ್ಯವಾಗಿ ನಾಲ್ಕು ಸರಣಿಗಳಿವೆ, ಎಲ್ಲವೂ ಅಮೆರಿಕದ ಎರಡು ದೊಡ್ಡ ಕಾಮಿಕ್ಸ್ ಪ್ರಕಾಶನಗಳಾದ ಮಾರ್ವೆಲ್ ಮತ್ತು ಡಿಸಿಯವು. ಮಾರ್ವೆಲ್‌ನ ‘ಥಂಡರ್‌ಬೋಲ್ಟ್ಸ್’, ಡಿಸಿಯ ‘ಸೂಸೈಡ್ ಸ್ಕ್ವಾಡ್’, ಡಿಸಿಯದ್ದೇ ‘ಸೀಕ್ರೆಟ್ ಸಿಕ್ಸ್’, ಮತ್ತೆ ಮಾರ್ವೆಲ್‌ನ ‘ದಿ ಸುಪೀರಿಯರ್ ಫೋಸ್ ಆಫ್ ಸ್ಪೈಡರ್‌ಮ್ಯಾನ್’. ನಾಲ್ಕೂ ಓದಬಹುದಾದವೇ. ಆದರೆ ನಾಲ್ಕೂ ಎಲ್ಲರಿಗೂ ಹಿಡಿಸುವುದಿಲ್ಲ.

ಹೋಲಿಸುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಮಾರ್ವೆಲ್‌ನ ಹೀರೋಗಳ ತಂಡ ಅವೆಂಜರ್ಸ್ ಒಟ್ಟಾದರೆ ಯಾಕೆ ಒಟ್ಟಾದರು ಅಂತ ಯಾರೂ ಕೇಳುವುದಿಲ್ಲ. ಒಳ್ಳೆಯವರು, ಸೇರಿದರು, ಮುಗಿಯಿತು. ಅದೇ ನಾಲ್ಕು ಜನ ಕಳ್ಳರು, ಇಬ್ಬರು ಕೊಲೆಗಾರರು ಒಂದೇ ಸೂರಿನಡಿ ಸೇರಿದರೆ ಮೊದಲು ಏಳುವ ಪ್ರಶ್ನೆಯೇ ಬೇರೆ: ಇವನು ಅವನ ಬೆನ್ನಿಗೆ ಇನ್ನೂ ಯಾಕೆ ಚೂರಿ ಹಾಕಿಲ್ಲ? ಈ ಪ್ರಶ್ನೆಗೆ ಒಂದೊಂದು ಸರಣಿ ಒಂದೊಂದು ಉತ್ತರ ಕೊಡುತ್ತದೆ. ಥಂಡರ್‌ಬೋಲ್ಟ್ಸ್‌ನವರನ್ನು ಕಟ್ಟಿಹಾಕಿರುವುದು ಒಂದು ಸುಳ್ಳು. ಸ್ಕ್ವಾಡ್‌ನವರನ್ನು ಕೈಗೆ ತೊಡಿಸಿದ ಬಾಂಬು. ಸಿಕ್ಸ್‌ನವರಿಗೆ ಹೋಗಲು ಬೇರೆ ಜಾಗವಿಲ್ಲ. ಫೋಸ್‌ನವರಿಗೆ ದುಡ್ಡಿನಾಸೆ. ಇದರಲ್ಲಿ ಯಾವ ಗಂಟು ನಿಮಗೆ ಕುತೂಹಲ ಹುಟ್ಟಿಸುತ್ತದೋ ಅಲ್ಲಿಂದ ಶುರು ಮಾಡಿ.

ಈ ಕಥಾವಸ್ತು ಹೊಸದೇನಲ್ಲ. 1965ರ ‘ಅವೆಂಜರ್ಸ್’ 16ನೇ ಸಂಚಿಕೆಯಲ್ಲೇ ಕ್ಯಾಪ್ಟನ್ ಅಮೆರಿಕಾ ಮೂವರು ಹೊಸಬರನ್ನು ಇಟ್ಟುಕೊಂಡು ತಂಡ ಕಟ್ಟುತ್ತಾನೆ. ಹಾಕ್‌ಐ, ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್. ಮೂವರೂ ಸ್ವಲ್ಪ ಮುಂಚೆ ಎದುರು ಪಾಳೆಯದಲ್ಲಿದ್ದವರು. 1985ರಲ್ಲಿ ಎಕ್ಸ್‌ಮೆನ್ ಕಥೆಯಲ್ಲಿ ಅವರ ವೈರಿ ಮಿಸ್ಟೀಕ್ ತನ್ನ ಇಡೀ ಗ್ಯಾಂಗನ್ನು ಸರ್ಕಾರಿ ನೌಕರಿಗೆ ಸೇರಿಸುತ್ತಾಳೆ. ಎರಡೂ ಚೆನ್ನಾಗಿವೆ. ಆದರೆ ತಂಡದೊಳಗಿನ ಜಗಳವನ್ನೇ ಕಥೆ ಮಾಡಿಕೊಂಡದ್ದು ಮೇಲಿನ ನಾಲ್ಕು ಸರಣಿಗಳು.

ಥಂಡರ್‌ಬೋಲ್ಟ್ಸ್ (1997): ಸುಳ್ಳು ಹೇಳುತ್ತಾ ಹೇಳುತ್ತಾ

ಬರೆದವರು ಕರ್ಟ್ ಬ್ಯೂಸಿಕ್, ಚಿತ್ರ ಮಾರ್ಕ್ ಬ್ಯಾಗ್ಲಿ. ಮೊದಲ ಸಂಚಿಕೆಯ ಗುಟ್ಟನ್ನು ಇಲ್ಲಿ ಹೇಳಲೇಬೇಕು, ಅದಿಲ್ಲದೆ ಹೋಲಿಕೆ ಮಾಡಲು ಆಗುವುದಿಲ್ಲ. ಅದು ಹೊರಬಿದ್ದು ಕಾಲು ಶತಮಾನ ದಾಟಿದೆ ಕೂಡ.

1996ರ ‘ಆನ್‌ಸ್ಲಾಟ್’ ಕಥೆಯಲ್ಲಿ ಅವೆಂಜರ್ಸ್ ಮತ್ತು ಫೆಂಟಾಸ್ಟಿಕ್ ಫೋರ್ ಸತ್ತರು ಎಂದು ಜಗತ್ತು ನಂಬಿದೆ. ನ್ಯೂಯಾರ್ಕ್ ಊರು ಕಾಯುವವರಿಲ್ಲದೆ ಕೂತಿದೆ. ಆಗ ಎಲ್ಲಿಂದಲೋ ಆರು ಜನ ಹೊಸ ಹೀರೋಗಳು ಬರುತ್ತಾರೆ. ಕಟ್ಟಡದ ಅವಶೇಷ ಎತ್ತುತ್ತಾರೆ, ಲೂಟಿಕೋರರನ್ನು ಓಡಿಸುತ್ತಾರೆ, ಜನ ಜೈಕಾರ ಹಾಕುತ್ತಾರೆ. ಕೊನೆಯ ಪುಟದಲ್ಲಿ ಮುಖವಾಡ ಕಳಚುತ್ತದೆ. ಇವರೆಲ್ಲ ‘ಮಾಸ್ಟರ್ಸ್ ಆಫ್ ಈವಿಲ್’, ಅವೆಂಜರ್ಸ್‌ನ ಹಳೆಯ ವೈರಿಗಳ ತಂಡ. ನಾಯಕ ಸಿಟಿಜನ್ ವಿ ಬೇರಾರೂ ಅಲ್ಲ, ಬ್ಯಾರನ್ ಜೀಮೋ. ಜನರ ನಂಬಿಕೆ ಗಳಿಸಿ, ಹೀರೋಗಳ ರಹಸ್ಯ ಕಡತಗಳೆಲ್ಲ ಕೈಗೆ ಸಿಕ್ಕ ಮೇಲೆ ಜಗತ್ತನ್ನೇ ಹಿಡಿಯುವುದು ಅವನ ಲೆಕ್ಕ. ಹೆಸರಿನ ಆಯ್ಕೆಯಲ್ಲೂ ಅವನ ವಿಷ ನೋಡಿ: ಎರಡನೇ ಮಹಾಯುದ್ಧದ ಕಾಲದ ನಿಜವಾದ ಸಿಟಿಜನ್ ವಿಯನ್ನು ಕೊಂದವನು ಜೀಮೋನ ಅಪ್ಪ. ಅಪ್ಪ ಕೊಂದವನ ಹೆಸರನ್ನು ಮಗ ತೊಟ್ಟುಕೊಂಡಿದ್ದಾನೆ.

ಈ ತಿರುವು ಇಲ್ಲದಿದ್ದರೂ ಸರಣಿ ಚೆನ್ನಾಗಿಯೇ ಇರುತ್ತಿತ್ತು ಅಂತ ನನ್ನ ಅನಿಸಿಕೆ. ಅಸಲು ಮಜಾ ಮುಂದಿನ ಹತ್ತು ಹನ್ನೊಂದು ಸಂಚಿಕೆಗಳಲ್ಲಿದೆ. ಏಬ್ನರ್ ಜೆಂಕಿನ್ಸ್ ಎಂಬ ಮೆಕ್ಯಾನಿಕ್ 1964ರಿಂದ ಬೀಟಲ್ ಎಂಬ ಹೆಸರಲ್ಲಿ ಹ್ಯೂಮನ್ ಟಾರ್ಚ್, ಸ್ಪೈಡರ್‌ಮ್ಯಾನ್ ಕೈಯಲ್ಲಿ ಒದೆ ತಿಂದುಕೊಂಡು ಬಂದವನು. ಈಗ ಮ್ಯಾಕ್-1 ಅಂತ ಹೆಸರು ಬದಲಿಸಿಕೊಂಡಿದ್ದಾನೆ. ಜೀವನದಲ್ಲಿ ಮೊದಲ ಸಲ ಜನ ಅವನನ್ನು ನೋಡಿ ನಗುತ್ತಿಲ್ಲ, ಕೈ ಬೀಸುತ್ತಿದ್ದಾರೆ. ಕುಸ್ತಿ ಅಖಾಡದಿಂದ ಕಳ್ಳತನಕ್ಕೆ ಇಳಿದಿದ್ದ ಮೆಲಿಸಾ, ಅಂದರೆ ಸ್ಕ್ರೀಮಿಂಗ್ ಮಿಮಿ, ಈಗ ಸಾಂಗ್‌ಬರ್ಡ್. ಇವರಿಬ್ಬರ ನಡುವೆ ಪ್ರೀತಿ ಚಿಗುರುತ್ತದೆ. ದೈತ್ಯ ಗಾತ್ರಕ್ಕೆ ಬೆಳೆಯುವ ಎರಿಕ್ ಜೋಸ್ಟನ್‌ಗೆ ಮೇಯರ್ ಕಚೇರಿಯ ಹುಡುಗಿಯ ಮೇಲೆ ಮನಸ್ಸು. ಒಬ್ಬೊಬ್ಬರಿಗೂ ಒಳ್ಳೆಯವರಾಗಿರುವುದರ ರುಚಿ ಹತ್ತುತ್ತಿದೆ. ಆದರೆ ಪಕ್ಕದವನಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಹೇಳಿದರೆ ಜೀಮೋ ಕಿವಿಗೆ ಬಿದ್ದರೆ?

ಇದರ ಮಧ್ಯೆ ಜೋಲ್ಟ್ ಬರುತ್ತಾಳೆ. ಹದಿಹರೆಯದ ಹುಡುಗಿ, ಅಪ್ಪ ಅಮ್ಮ ಇಲ್ಲ, ಇವರನ್ನು ನಿಜವಾದ ಹೀರೋಗಳು ಅಂತಲೇ ನಂಬಿ ತಂಡ ಸೇರಿದ್ದಾಳೆ. ಅವಳ ಎದುರು ಎಲ್ಲರೂ ಹೀರೋಗಳ ಹಾಗೆ ಮಾತಾಡಬೇಕು, ಹೀರೋಗಳ ಹಾಗೆ ಸಲಹೆ ಕೊಡಬೇಕು. ನಾಟಕ ಮಾಡ್ತಾ ಮಾಡ್ತಾ ಅದೇ ಅಭ್ಯಾಸವಾಗಿಬಿಡುತ್ತದೆ. ತಂಡದ ಮೂನ್‌ಸ್ಟೋನ್ ವೃತ್ತಿಯಿಂದ ಮನೋವೈದ್ಯೆ, ರೋಗಿಗಳ ತಲೆಯೊಳಗೆ ಆಟ ಆಡಿದವಳು. ಯಾರು ಎಷ್ಟು ಜಾರುತ್ತಿದ್ದಾರೆ ಅನ್ನುವುದನ್ನು ಅವಳು ಕೂತು ಲೆಕ್ಕ ಹಾಕುತ್ತಿರುತ್ತಾಳೆ. ಅವಳಿಗೆ ಪಶ್ಚಾತ್ತಾಪ ಗಿಶ್ಚಾತ್ತಾಪ ಏನಿಲ್ಲ. ಯಾವ ಕಡೆ ಲಾಭ ಅಂತ ನೋಡುವವಳು. ಈ ಸರಣಿಯಲ್ಲಿ ನನಗೆ ಅತಿ ಹೆಚ್ಚು ಇಷ್ಟದ ಪಾತ್ರ ಇವಳೇ.

10ನೇ ಸಂಚಿಕೆಯಲ್ಲಿ ಗುಟ್ಟು ಜಗತ್ತಿಗೆ ಗೊತ್ತಾಗುತ್ತದೆ. ಹೊರಹಾಕಿದವನು ಸ್ವತಃ ಜೀಮೋ. ತನ್ನವರು ಕೈಬಿಟ್ಟು ಹೋಗುತ್ತಿದ್ದಾರೆ ಅನ್ನುವುದು ತಿಳಿದು, ಅವರಿಗೆ ಬೇರೆ ದಾರಿಯೇ ಇಲ್ಲದ ಹಾಗೆ ಮಾಡುತ್ತಾನೆ. ಅಲ್ಲಿಂದ 12ರವರೆಗೆ ಏನಾಗುತ್ತದೆ ಅನ್ನುವುದನ್ನು ಓದಿಯೇ ತಿಳಿಯಿರಿ.

ಜನ ಸಾಮಾನ್ಯವಾಗಿ 12ಕ್ಕೆ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಇಪ್ಪತ್ತರ ಆಸುಪಾಸಿನಲ್ಲಿ ಹಾಕ್‌ಐ ಬಂದು ಈ ತಂಡದ ನಾಯಕನಾಗುತ್ತಾನೆ. 1964ರಲ್ಲಿ ಐರನ್ ಮ್ಯಾನ್ ವಿರುದ್ಧ ನಿಂತು ಶುರುವಾದವನು ಅವನು, ಎರಡನೇ ಅವಕಾಶ ಅಂದರೇನು ಅನ್ನುವುದು ಅವನಿಗೆ ಗೊತ್ತು. ಆದರೆ ಬಂದ ಕೂಡಲೇ ಒಂದು ಷರತ್ತು ಹಾಕುತ್ತಾನೆ. ಬೀಟಲ್ ಆಗಿದ್ದಾಗ ಜೆಂಕಿನ್ಸ್ ಒಂದು ಕೊಲೆ ಮಾಡಿದ್ದಾನೆ, ಅದಕ್ಕೆ ಅವನು ಜೈಲಿಗೆ ಹೋಗಬೇಕು. ತಂಡಕ್ಕೆ ಸಿಟ್ಟು ಬರುತ್ತದೆ, ಸಾಂಗ್‌ಬರ್ಡ್‌ಗೆ ಎದೆ ಒಡೆಯುತ್ತದೆ. ಜೆಂಕಿನ್ಸ್ ಮಾತ್ರ ಒಪ್ಪಿ ಹೋಗುತ್ತಾನೆ. ನಾಲ್ಕೂ ಸರಣಿಗಳಲ್ಲಿ ‘ಸುಧಾರಣೆ’ ಎನ್ನುವ ಮಾತಿಗೆ ಬೆಲೆ ತೆತ್ತ ದೃಶ್ಯ ಅಂದರೆ ನನ್ನ ಪ್ರಕಾರ ಇದೇ. ಉಳಿದವರು ಮುಂದೆ ಒಳ್ಳೆಯ ಕೆಲಸ ಮಾಡಿ ಹಳೆಯದನ್ನು ತೊಳೆದುಕೊಳ್ಳುತ್ತೇವೆ ಅನ್ನುತ್ತಾರೆ. ಇವನು ಹಿಂದಕ್ಕೆ ಹೋಗಿ ಹಳೆಯ ಲೆಕ್ಕ ಚುಕ್ತಾ ಮಾಡುತ್ತಾನೆ.

ಬ್ಯೂಸಿಕ್ 33ನೇ ಸಂಚಿಕೆಯವರೆಗೆ ಬರೆದರು, ಆಮೇಲೆ ಫೇಬಿಯನ್ ನಿಸಿಯೆಝಾ ಮುಂದುವರಿಸಿದರು. 2007ರಲ್ಲಿ ವಾರೆನ್ ಎಲ್ಲಿಸ್ 110ರಿಂದ 121ರವರೆಗೆ ಬರೆದದ್ದು ಪೂರ್ತಿ ಬೇರೆ ಜಾತಿ. ಅಲ್ಲಿ ತಂಡದ ಉಸ್ತುವಾರಿ ನಾರ್ಮನ್ ಆಸ್ಬೋರ್ನ್, ಅಂದರೆ ಸ್ಪೈಡರ್‌ಮ್ಯಾನ್‌ನ ವೈರಿ ಗ್ರೀನ್ ಗಾಬ್ಲಿನ್. ತೋಳಕ್ಕೆ ಕುರಿ ಕಾಯಲು ಹೇಳಿದ ಹಾಗೆ. ಸರ್ಕಾರದಲ್ಲಿ ನೋಂದಣಿ ಮಾಡಿಸದ ಹೀರೋಗಳನ್ನು ಹಿಡಿಯುವುದು ಕೆಲಸ, ವೆನಂ ಮತ್ತು ಬುಲ್ಸ್‌ಐ ಕೆಲಸಗಾರರು. ಒಳ್ಳೆಯವಳಾಗಿ ಉಳಿಯಲು ಒದ್ದಾಡುವವಳು ಸಾಂಗ್‌ಬರ್ಡ್ ಮಾತ್ರ. ಚೆನ್ನಾಗಿದೆ, ಆದರೆ ಮೊದಲೇ ಇದನ್ನು ಓದಿದರೆ ಅವಳು ಯಾಕೆ ಅಷ್ಟು ಒದ್ದಾಡುತ್ತಿದ್ದಾಳೆ ಅನ್ನುವುದು ತಟ್ಟುವುದಿಲ್ಲ. 2010ರಿಂದ ಜೆಫ್ ಪಾರ್ಕರ್ ಬರೆದ ಭಾಗದಲ್ಲಿ ಲ್ಯೂಕ್ ಕೇಜ್ ನಾಯಕ, ಕೈದಿಗಳು ರಾಫ್ಟ್ ಜೈಲಿನಿಂದ ಬರುತ್ತಾರೆ. ಅದು ಹಗುರ, ಚುರುಕು. ಮೊದಲ ಭಾಗ ಹಿಡಿಸಿದರೆ ಇದೂ ಹಿಡಿಸುತ್ತದೆ.

ದೋಷ ಹೇಳಬೇಕಾದರೆ, 90ರ ದಶಕದ ಶೈಲಿ. ಮಾತು ಜಾಸ್ತಿ. ಹೊಡೆದಾಟದ ಮಧ್ಯದಲ್ಲೂ ಪಾತ್ರಗಳು ಉದ್ದುದ್ದ ಯೋಚನೆ ಮಾಡುತ್ತವೆ. ಮೊದಲ ಎರಡು ಸಂಚಿಕೆಗೆ ಇದು ಕಿರಿಕಿರಿ, ಆಮೇಲೆ ಅದೇ ಬೇಕೆನಿಸುತ್ತದೆ. ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು ಇರುವವರ ಕಥೆ ಇದು, ಅಲ್ವಾ?

ಸೂಸೈಡ್ ಸ್ಕ್ವಾಡ್ (1987–92): ಕೈಯಲ್ಲಿ ಬಾಂಬು

ಇಲ್ಲಿ ಯಾರೂ ಒಳ್ಳೆಯವರಾಗಲು ಬಂದಿಲ್ಲ. ಲೂಸಿಯಾನದ ಬೆಲ್ ರೀವ್ ಜೈಲಿನ ಕೈದಿಗಳಿಗೆ ಸರ್ಕಾರಿ ಅಧಿಕಾರಿ ಅಮಾಂಡಾ ವಾಲರ್ ಕೊಡುವ ಒಪ್ಪಂದ ಸರಳ: ಸರ್ಕಾರ ಒಪ್ಪಿಕೊಳ್ಳಲಾಗದ ಕೆಲಸ ಮಾಡಿ ಬನ್ನಿ, ಜೀವಂತ ಬಂದರೆ ಶಿಕ್ಷೆ ಕಡಿಮೆ. ಓಡಿಹೋಗದಿರಲು ಕೈಗೆ ಸ್ಫೋಟಕ ಪಟ್ಟಿ. ಬರೆದವರು ಜಾನ್ ಆಸ್ಟ್ರಾಂಡರ್, ಮುಂದಿನ ದಿನಗಳಲ್ಲಿ ಅವರ ಹೆಂಡತಿ ಕಿಮ್ ಯೇಲ್ ಕೂಡ ಜೊತೆಗೂಡಿದರು. ಚಿತ್ರ ಶುರುವಿನಲ್ಲಿ ಲ್ಯೂಕ್ ಮೆಕ್‌ಡಾನೆಲ್. ಒಟ್ಟು 66 ಸಂಚಿಕೆ.

ಈ ತಂಡದ ‘ಒಗ್ಗಟ್ಟು’ ಹೇಗಿರುತ್ತದೆ ಅನ್ನುವುದಕ್ಕೆ 9ನೇ ಸಂಚಿಕೆ ನೋಡಿ. ಕೈಯಲ್ಲಿರುವ ಪಟ್ಟಿ ನಿಜವಾಗಿ ಸಿಡಿಯುತ್ತದಾ ಅನ್ನುವ ಅನುಮಾನ ಕ್ಯಾಪ್ಟನ್ ಬೂಮರಾಂಗ್‌ಗೆ. ತಾನೇ ಪರೀಕ್ಷೆ ಮಾಡುವಷ್ಟು ದಡ್ಡ ಅವನಲ್ಲ. ಹೊಸದಾಗಿ ಬಂದ ಸ್ಲಿಪ್‌ನಾಟ್‌ನ ಕಿವಿ ಊದಿ ಓಡಲು ಹಚ್ಚುತ್ತಾನೆ. ಸ್ಲಿಪ್‌ನಾಟ್ ಓಡುತ್ತಾನೆ, ತೋಳು ಹೋಗುತ್ತದೆ. ಬೂಮರಾಂಗ್‌ಗೆ ಉತ್ತರ ಸಿಕ್ಕಿತು! ಈ ಮನುಷ್ಯ 66 ಸಂಚಿಕೆಯುದ್ದಕ್ಕೂ ಹೀಗೇ. ಹೇಡಿ, ಸೋಮಾರಿ, ಹೊಲಸು ಬಾಯಿ. ಸ್ಕ್ವಾಡ್‌ನಲ್ಲಿ ಇರುವಾಗಲೇ ಮಿರರ್ ಮಾಸ್ಟರ್ ಎಂಬ ಬೇರೆ ವಿಲನ್‌ನ ವೇಷ ಹಾಕಿ ಹೊರಗೆ ಕಳ್ಳತನ ಮಾಡುತ್ತಾನೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದಕ್ಕೆ ಆಸ್ಟ್ರಾಂಡರ್ ಇವನನ್ನು ಉದ್ದಕ್ಕೂ ಹಾಗೇ ಉಳಿಸಿಕೊಂಡಿದ್ದಾರೆ. ಅದಕ್ಕೇ ಸರಣಿ ನಂಬುವ ಹಾಗಿದೆ.

ಇನ್ನೊಂದು ದೃಶ್ಯ 22ನೇ ಸಂಚಿಕೆಯದ್ದು. ಸ್ಕ್ವಾಡ್‌ನ ಗುಟ್ಟು ಹಿಡಿದು ಬ್ಲ್ಯಾಕ್‌ಮೇಲ್ ಮಾಡುತ್ತಿರುವ ಸೆನೆಟರ್ ಕ್ರೇಯನ್ನು ಕೊಲ್ಲಲು ತಂಡದ ಕ್ಯಾಪ್ಟನ್ ರಿಕ್ ಫ್ಲ್ಯಾಗ್ ಹೊರಟಿದ್ದಾನೆ. ಅವನು ಕೊಲ್ಲದ ಹಾಗೆ ತಡೆಯಿರಿ ಅಂತ ಸ್ಕ್ವಾಡ್‌ಗೆ ಅಪ್ಪಣೆ. ತಂಡದ ಗುರಿಕಾರ ಡೆಡ್‌ಶಾಟ್ ಮೊದಲು ತಲುಪುತ್ತಾನೆ, ಸೆನೆಟರ್‌ನನ್ನು ತಾನೇ ಗುಂಡಿಕ್ಕಿ ಕೊಲ್ಲುತ್ತಾನೆ. ಫ್ಲ್ಯಾಗ್ ಕೊಲ್ಲಲಿಲ್ಲ ತಾನೆ? ಹೇಳಿದ ಕೆಲಸ ಆಯಿತು. ಇದನ್ನು ಗೆಳೆತನ ಅನ್ನಬೇಕಾ, ಹುಚ್ಚು ಅನ್ನಬೇಕಾ, ಸಾಯುವ ಆಸೆ ಅನ್ನಬೇಕಾ ಅಂತ ಓದುಗರು ಇವತ್ತಿಗೂ ಕಿತ್ತಾಡಬಹುದು. ನನ್ನ ಮತ ಸಾಯುವ ಆಸೆಗೆ.

ಮಿಷನ್ ಇಲ್ಲದ ಸಂಚಿಕೆಗಳನ್ನು ಹಾರಿಸಬೇಡಿ. ಜೈಲಿನಲ್ಲಿ ಮನೋವೈದ್ಯರಿದ್ದಾರೆ, ಪಾದ್ರಿ ಇದ್ದಾರೆ, ಊಟದ ಮನೆಯ ಜಗಳ ಇದೆ. ಹಿಂದೆ ಬ್ಯಾಟ್‌ಗರ್ಲ್ ಆಗಿದ್ದು ಗಾಲಿಕುರ್ಚಿ ಹಿಡಿದ ಬಾರ್ಬರಾ ಗಾರ್ಡನ್ ‘ಆರಕಲ್’ ಆಗಿ ಮೊದಲು ಬಂದದ್ದೂ ಇದೇ ಸರಣಿಯ 23ನೇ ಸಂಚಿಕೆಯಲ್ಲಿ. ಕೋಲ್ಡ್ ವಾರ್ ಕಾಲದ ರಾಜಕೀಯ ತುಂಬಿಕೊಂಡಿದೆ, ಅರಬ್ಬರನ್ನು ತೋರಿಸಿದ ರೀತಿ ಅಲ್ಲಲ್ಲಿ ಈಗ ಓದಲು ಮುಜುಗರ. ಸುದ್ದಿ, ಗೂಢಚರ್ಯೆ, ಸರ್ಕಾರದ ಒಳಗಿನ ಕೊಳಕು ಇಷ್ಟಪಡುವವರಿಗೆ ಇದು. ಪಾತ್ರಗಳು ಕರಗಿ ಒಳ್ಳೆಯವರಾಗಬೇಕು ಅಂತ ಕಾಯುವವರಿಗೆ ನಿರಾಸೆ ಗ್ಯಾರಂಟಿ. 2021ರ ಜೇಮ್ಸ್ ಗನ್ ಸಿನಿಮಾ ಇಷ್ಟವಾಗಿದ್ದರೆ ಈ ಸರಣಿಗೂ ಅದಕ್ಕೂ ರಕ್ತಸಂಬಂಧ ಕಾಣುತ್ತದೆ.

ಸೀಕ್ರೆಟ್ ಸಿಕ್ಸ್ (2005–11): ಮನೆ ಅಂತ ಒಂದು ಇರಲಿ

ಮೊದಲ ಪುಸ್ತಕದ ಹೆಸರು ‘ವಿಲನ್ಸ್ ಯುನೈಟೆಡ್’, ಆರು ಸಂಚಿಕೆ. ಬರೆದವರು ಗೇಲ್ ಸಿಮೋನ್. ಲೋಕದ ವಿಲನ್‌ಗಳೆಲ್ಲ ಒಂದು ಸಂಘಕ್ಕೆ ಸೇರುವಾಗ ಈ ಆರು ಜನ ಅದರ ವಿರುದ್ಧ ನಿಲ್ಲುತ್ತಾರೆ. ಮೊದಲು ಇವರನ್ನೂ ಬೆದರಿಸಿಯೇ ಸೇರಿಸಿದ್ದು. ಆದರೆ ಬೆದರಿಕೆ ಹೋದ ಮೇಲೂ ಬಿಟ್ಟು ಹೋಗುವುದಿಲ್ಲ. ಆಮೇಲೆ 2006ರಲ್ಲಿ ಒಂದು ಕಿರುಸರಣಿ, 2008ರಿಂದ 36 ಸಂಚಿಕೆಗಳ ಮುಖ್ಯ ಸರಣಿ. ಅದರ ಬಹುಭಾಗಕ್ಕೆ ಚಿತ್ರ ನಿಕೊಲಾ ಸ್ಕಾಟ್ ಅವರದ್ದು, ಮುಖಗಳಲ್ಲಿ ಜೀವ ಇದೆ.

ಕ್ಯಾಟ್‌ಮ್ಯಾನ್ 1963ರಿಂದ ಬ್ಯಾಟ್‌ಮ್ಯಾನ್‌ನ ಮೂರನೇ ದರ್ಜೆಯ ವೈರಿ, ಮಧ್ಯೆ ಪೂರಾ ನಗೆಪಾಟಲಾಗಿದ್ದವನು. ಸಿಮೋನ್ ಅವನನ್ನು ಕಾಡಿನಲ್ಲಿ ಸಿಂಹಗಳ ನಡುವೆ ಇಟ್ಟು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಸ್ಕ್ವಾಡ್‌ನ ಡೆಡ್‌ಶಾಟ್ ಇಲ್ಲೂ ಇದ್ದಾನೆ. ಸ್ಕ್ಯಾಂಡಲ್ ಸಾವೇಜ್ ಇದ್ದಾಳೆ, ಎಲ್ಲ ಕೀಲುಗಳನ್ನೂ ಬದಲಿಸಿಕೊಂಡು ಹೇಗೆ ಬೇಕಾದರೂ ಬಾಗುವ ರ್‍ಯಾಗ್‌ಡಾಲ್ ಇದ್ದಾನೆ. ಆಮೇಲೆ ಬೇನ್ ಸೇರುತ್ತಾನೆ. 1993ರಲ್ಲಿ ಬ್ಯಾಟ್‌ಮ್ಯಾನ್ ಬೆನ್ನು ಮುರಿದ ಅದೇ ಬೇನ್. ಇಲ್ಲಿ ಅವನಿಗೆ ಬಂದಿರುವ ಚಿಂತೆಯೇ ಬೇರೆ, ಸ್ಕ್ಯಾಂಡಲ್‌ಗೆ ತಾನು ಒಳ್ಳೆಯ ಅಪ್ಪನ ಹಾಗೆ ಇರಬೇಕು ಅಂತ. ಅವಳು ಕೇಳಿಲ್ಲ. ಅವಳ ಸ್ವಂತ ಅಪ್ಪ, ಸಾವಿಲ್ಲದ ವಿಲನ್ ವ್ಯಾಂಡಲ್ ಸಾವೇಜ್, ಎಂಥವನು ಅನ್ನುವುದು ನೋಡಿದರೆ ಬೇನ್‌ನ ಪೆದ್ದು ಕಾಳಜಿಯೇ ಎಷ್ಟೋ ಮೇಲು.

ಹಾಗಂತ ಮೈಮರೆಯಬೇಡಿ. 2006ರ ಕಿರುಸರಣಿಯ ಕೊನೆಯಲ್ಲಿ, ತಂಡ ಸೇರಿದ್ದ ಬ್ಯಾಟ್‌ಮ್ಯಾನ್ ವೈರಿ ಮ್ಯಾಡ್ ಹ್ಯಾಟರ್ ತನಗೂ ಒಂದು ಕುಟುಂಬ ಸಿಕ್ಕಿತು ಅಂತ ಖುಷಿಯಲ್ಲಿರುತ್ತಾನೆ. ರ್‍ಯಾಗ್‌ಡಾಲ್ ಅವನನ್ನು ಸೀದಾ ಕೆಳಕ್ಕೆ ದೂಡುತ್ತಾನೆ. ತಂಡದಲ್ಲಿ ವಿಚಿತ್ರ ಮನುಷ್ಯ ಒಬ್ಬನೇ ಇರಬೇಕು, ಅದು ತಾನೇ ಆಗಿರಬೇಕು ಅನ್ನುವುದು ಅವನ ಕಾರಣ. ನಗು ಬರುತ್ತದೆ, ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಇಡೀ ಸರಣಿಯ ಹದ ಇದೇ.

ಇವರು ಸುಧಾರಿಸಿದವರಾ? ಇಲ್ಲ. ದುಡ್ಡು ಕೊಟ್ಟರೆ ಕೊಲ್ಲುತ್ತಾರೆ. ಆದರೆ ತಮ್ಮವರು ಅಂದುಕೊಂಡವರ ಮೇಲೆ ಮಾತ್ರ ಕೈ ಮಾಡಲು ಹಿಂಜರಿಯುತ್ತಾರೆ, ಅದೂ ಕೆಲವು ಸಲ. ನಾಲ್ಕರಲ್ಲಿ ಓದಿಸಿಕೊಂಡು ಹೋಗುವುದರಲ್ಲಿ ಇದೇ ಮುಂದು. ರಕ್ತ, ಚಿತ್ರಹಿಂಸೆ, ಲೈಂಗಿಕ ವಿಷಯ ಧಾರಾಳವಾಗಿವೆ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. 2011ರಲ್ಲಿ ಡಿಸಿ ಎಲ್ಲ ಸರಣಿಗಳನ್ನೂ ಹೊಸದಾಗಿ ಶುರು ಮಾಡಿದಾಗ ಇದು ನಿಂತಿತು. ಆದರೂ 36ನೇ ಸಂಚಿಕೆ ಅವಸರದಲ್ಲಿ ಮುಗಿಸಿದ ಹಾಗಿಲ್ಲ. ಅಷ್ಟು ಗಟ್ಟಿಯಾದ ಕೊನೆ ದೊಡ್ಡ ದೊಡ್ಡ ಸರಣಿಗಳಿಗೂ ಸಿಕ್ಕಿಲ್ಲ.

ಸುಪೀರಿಯರ್ ಫೋಸ್ (2013–14): ಐದು ಜನರ ‘ಸಿನಿಸ್ಟರ್ ಸಿಕ್ಸ್’

ಇದು ಹಾಸ್ಯ. ನಿಕ್ ಸ್ಪೆನ್ಸರ್ ಬರಹ, ಸ್ಟೀವ್ ಲೀಬರ್ ಚಿತ್ರ, ಬರೀ 17 ಸಂಚಿಕೆ. ಬೂಮರಾಂಗ್ (ಮಾರ್ವೆಲ್‌ನವನು, ಡಿಸಿಯವನಲ್ಲ), ಶಾಕರ್, ಸ್ಪೀಡ್ ಡೀಮನ್, ಓವರ್‌ಡ್ರೈವ್, ಹೊಸ ಬೀಟಲ್. ಐದೇ ಜನ, ಆದರೂ ಸ್ಪೈಡರ್‌ಮ್ಯಾನ್ ವೈರಿಗಳ ಹಳೆಯ ತಂಡದ ಹೆಸರು ತೊಟ್ಟು ‘ಸಿನಿಸ್ಟರ್ ಸಿಕ್ಸ್’ ಅಂತ ಹೇಳಿಕೊಳ್ಳುತ್ತಾರೆ. ಒಬ್ಬರಿಗೊಬ್ಬರು ಕೈ ಕೊಡುವುದೇ ದಿನಚರಿ. ಕಥೆ ಹೇಳುವ ಬೂಮರಾಂಗ್ ಓದುಗರಿಗೂ ಸುಳ್ಳು ಹೇಳುತ್ತಾನೆ.

ಇದನ್ನು ಈ ಪಟ್ಟಿಗೆ ಸೇರಿಸಲು ಕಾರಣ ಏಬ್ನರ್ ಜೆಂಕಿನ್ಸ್. ಹೌದು, ಥಂಡರ್‌ಬೋಲ್ಟ್ಸ್‌ನ ಅದೇ ಹಳೆಯ ಬೀಟಲ್. ಇಲ್ಲಿ ಅವನು ಬೂಮರಾಂಗ್‌ನ ಪರೋಲ್ ಅಧಿಕಾರಿ! ತಾನು ದಾಟಿ ಬಂದ ದಾರಿಗೆ ಇವನನ್ನೂ ತರಬೇಕು ಅಂತ, ಬದಲಾಗಬಯಸುವ ವಿಲನ್‌ಗಳ ಸಭೆಗೆ ಕರೆದುಕೊಂಡು ಹೋಗುತ್ತಾನೆ. ಬೂಮರಾಂಗ್‌ಗೆ ಅಲ್ಲೂ ಸ್ವಂತ ಲಾಭದ ಯೋಚನೆ. ಥಂಡರ್‌ಬೋಲ್ಟ್ಸ್ ಓದಿದವರಿಗೆ ಈ ಪುಟಗಳಲ್ಲಿ ನಗುವಿನ ಜೊತೆ ಸ್ವಲ್ಪ ಸಂಕಟವೂ ಆಗುತ್ತದೆ. ಓದದವರಿಗೆ ಅವನು ಸುಮ್ನೆ ಒಬ್ಬ ಬೇಸರ ಹಿಡಿಸುವ ಅಧಿಕಾರಿ.

ಹಾಗಾದರೆ ಯಾವುದು?

ಒಂದೇ ಓದುವುದಾದರೆ ಥಂಡರ್‌ಬೋಲ್ಟ್ಸ್‌ನ ಮೊದಲ 33 ಸಂಚಿಕೆ. ಕೆಟ್ಟವರು ನಿಜಕ್ಕೂ ಬದಲಾಗುವುದು, ಅದೂ ಪಕ್ಕದಲ್ಲಿರುವವರ ಕಣ್ಣಲ್ಲಿ ಸಣ್ಣವರಾಗಬಾರದು ಅನ್ನುವ ಕಾರಣಕ್ಕೆ ಬದಲಾಗುವುದು ಇಲ್ಲಿ ಮಾತ್ರ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಕೊಡುವುದಿದ್ದರೂ ಇದೇ. ಹಳೆಯ ಚಿತ್ರಶೈಲಿ ಕಣ್ಣಿಗೆ ಒಗ್ಗುವುದೇ ಇಲ್ಲ ಅನ್ನುವ ದೊಡ್ಡವರು ಸೀಕ್ರೆಟ್ ಸಿಕ್ಸ್‌ನಿಂದ ಶುರು ಮಾಡಿ. ಒಂದು ವಾರಾಂತ್ಯ ಮಾತ್ರ ಬಿಡುವಿದೆ ಅಂದರೆ ಸುಪೀರಿಯರ್ ಫೋಸ್. ತಾಳ್ಮೆ ಇದ್ದವರಿಗೆ ಸ್ಕ್ವಾಡ್.

ಭಾಷೆಯ ವಿಷಯವನ್ನೂ ನೋಡಿಕೊಳ್ಳಿ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಬೇಕಲ್ಲ. ಬ್ಯೂಸಿಕ್ ಇಂಗ್ಲಿಷ್ ನೇರ, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಸ್ಕ್ವಾಡ್‌ನಲ್ಲಿ ಕ್ಯಾಪ್ಟನ್ ಬೂಮರಾಂಗ್‌ನ ಆಸ್ಟ್ರೇಲಿಯನ್ ಆಡುಮಾತು ಮೊದಮೊದಲು ತೊಡಕು. ಫೋಸ್‌ನ ಜೋಕುಗಳಲ್ಲಿ ಅಮೆರಿಕನ್ ಬೀದಿಮಾತು ಜಾಸ್ತಿ, ಅರ್ಧ ಜೋಕು ಚಿತ್ರದಲ್ಲೇ ಇರುವುದರಿಂದ ಬಚಾವ್.

ಕೊಳ್ಳುವಾಗ ಒಂದು ಎಚ್ಚರಿಕೆ. ಫೋಸ್ ಒಂದನ್ನು ಬಿಟ್ಟರೆ ಉಳಿದವೆಲ್ಲ ನಿಂತು 1ನೇ ಸಂಚಿಕೆಯಿಂದ ಮತ್ತೆ ಶುರುವಾದ ಹೆಸರುಗಳು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಯಲ್ಲಿ ‘ಥಂಡರ್‌ಬೋಲ್ಟ್ಸ್ 1’ ಅಂತ ಕಂಡ ಕೂಡಲೇ ಎತ್ತಿಕೊಳ್ಳಬೇಡಿ. 2012ರ ಕೊನೆಯಲ್ಲಿ ಶುರುವಾದ ಸರಣಿಯಲ್ಲಿ ರೆಡ್ ಹಲ್ಕ್, ಪನಿಷರ್, ಎಲೆಕ್ಟ್ರಾ, ಡೆಡ್‌ಪೂಲ್ ಇದ್ದಾರೆ. ಅದು ಬೇರೆಯದೇ ಕಥೆ, ವಿಲನ್‌ಗಳು ಬದಲಾಗುವ ಮಾತೇ ಅಲ್ಲಿಲ್ಲ. ನಿಮಗೆ ಬೇಕಾದ ಸಂಪುಟದ ಹೆಸರು ‘ಜಸ್ಟಿಸ್, ಲೈಕ್ ಲೈಟ್ನಿಂಗ್’, ಹೊದಿಕೆಯ ಮೇಲೆ ಬ್ಯೂಸಿಕ್ ಮತ್ತು ಬ್ಯಾಗ್ಲಿ ಹೆಸರಿರಬೇಕು. ಸ್ಕ್ವಾಡ್‌ಗೆ ಆಸ್ಟ್ರಾಂಡರ್ ಹೆಸರಿರುವ ‘ಟ್ರಯಲ್ ಬೈ ಫೈರ್’, ಸಿಕ್ಸ್‌ಗೆ ‘ವಿಲನ್ಸ್ ಯುನೈಟೆಡ್’, ಫೋಸ್‌ಗೆ ‘ಗೆಟಿಂಗ್ ದ ಬ್ಯಾಂಡ್ ಬ್ಯಾಕ್ ಟುಗೆದರ್’ ಹುಡುಕಿ.